ಬುತ್ತಿ ಬಿಚ್ಚಿದ ಮೇಲೆ ಉಳಿಯುವುದೇನು?



ಕಳೆದ ಸಂಚಿಕೆಯಲ್ಲಿ ಮದುವೆಯ ಮನೆಗಳಲ್ಲಿ ಪೋಲಾಗುವ ಅನ್ನದ ಕುರಿತು ಬರೆದ ನಾಲ್ಕು ಮಾತುಗಳನ್ನು ಓದಿ ಅನೇಕರು ಪತ್ರ ಬರೆದಿದ್ದೀರಿ. ಅವುಗಳಲ್ಲಿ ಒಂದು ಪತ್ರ ನನ್ನನ್ನು ಕೆಲವು ದಿನ ಕಾಡಿತು. "ಮದುವೆ ಎಂಬುದು ಮನೆಗೆ ಎಂದೋ ಒಮ್ಮೆ ಬರುವಂಥದು. ವರ್ಷ ವರ್ಷವೂ ತಪ್ಪದೆ ಬರುವ ಹಬ್ಬಗಳಲ್ಲಿ ನಾವು ಮಾಡುತ್ತಿರುವುದು ಏನು, ಅದನ್ನೂ ಒಮ್ಮೆ ಬರೆಯಿರಿ" ಎಂದು ಆ ತಾಯಿ ಕೇಳಿದ್ದರು. ಪ್ರಶ್ನೆ ಸರಳವಾಗಿತ್ತು. ಉತ್ತರ ಬರೆಯಲು ಕುಳಿತಾಗ ಮಾತ್ರ ನಮ್ಮ ಮನೆಯ ಕಥೆಯನ್ನು ಮುಚ್ಚಿಟ್ಟು ಬರೆಯಲು ಮನಸ್ಸು ಒಪ್ಪಲಿಲ್ಲ. ಆದ್ದರಿಂದ ಈ ತಿಂಗಳ ಮಾತು ಅರ್ಧ ವಿಚಾರ, ಅರ್ಧ ತಪ್ಪೊಪ್ಪಿಗೆ.

ಚಳಿ ಮೈಯನ್ನು ಮುದುಡಿಸುವ ಈ ದಿನಗಳು ನಮ್ಮ ಕಡೆಯ ಒಕ್ಕಲು ಮನೆತನಗಳಿಗೆ ಹಬ್ಬದ ದಿನಗಳು. ಮಾರ್ಗಶಿರ ಮಾಸದ ಕೊನೆಗೆ ಎಳ್ಳ ಅಮಾವಾಸ್ಯೆ. ಜನವರಿಯ ನಡುವೆ ಭೋಗಿ, ಸಂಕ್ರಾಂತಿ. ಅವುಗಳ ಬೆನ್ನಿಗೆ ಸಾಲು ಸಾಲಾಗಿ ಜಾತ್ರೆಗಳು. ಶ್ರಾವಣದ ಹಬ್ಬಗಳಂತೆ ಇವು ಜಗಲಿಯ ಮೇಲೆ, ದೇವರ ಕೋಣೆಯಲ್ಲಿ ನಡೆದು ಮುಗಿಯುವ ಹಬ್ಬಗಳಲ್ಲ. ಇವಕ್ಕೆ ಹೊಲ ಬೇಕು, ಹೊಳೆ ಬೇಕು, ದನಕರು ಬೇಕು, ನಾಲ್ಕು ಮನೆಯ ಜನ ಬೇಕು. ಬಯಲಿನಲ್ಲಿ ಕುಳಿತು ಬುತ್ತಿ ಬಿಚ್ಚುವ ಹಬ್ಬಗಳಿವು. ಹೀಗಾಗಿ ನಮ್ಮ ಹಬ್ಬದ ರೀತಿ ಕೆಟ್ಟರೆ ಮೊದಲು ಕೆಡುವುದೂ ಹೊಲ, ಹೊಳೆ, ದನಕರುಗಳೇ.

ವಿಜಯಪುರ, ಕಲಬುರಗಿ, ಬೀದರ, ಬಾಗಲಕೋಟೆ ಸೀಮೆಯ ಸೋದರಿಯರಿಗೆ ಎಳ್ಳ ಅಮಾವಾಸ್ಯೆಯನ್ನು ನಾನು ವರ್ಣಿಸಬೇಕಾಗಿಲ್ಲ. ಬೇರೆ ಕಡೆಯವರಿಗಾಗಿ ಎರಡು ಮಾತು. ಆ ಹೊತ್ತಿಗೆ ಎರೆಯ ಹೊಲದಲ್ಲಿ ಹಿಂಗಾರಿಯ ಬಿಳಿಜೋಳ ಎದೆಯುದ್ದ ನಿಂತಿರುತ್ತದೆ. ಕಡಲೆ ಹೂವಾಡಿ ಕಾಯಿ ಕಟ್ಟುತ್ತಿರುತ್ತದೆ. ಮನೆಯಲ್ಲಿ ಎರಡು ದಿನ ಮೊದಲೇ ಒಲೆ ಹೊತ್ತುತ್ತದೆ. ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಜೋಳದ ಕಡಕು ರೊಟ್ಟಿ, ಸಜ್ಜೆಯ ಕಡುಬು, ಶೇಂಗಾ ಹೋಳಿಗೆ, ಎಳ್ಳಿನ ಹೋಳಿಗೆ, ಎಣ್ಣೆಗಾಯಿ, ಪುಂಡಿಪಲ್ಯ, ಕಾಳು ಕಾಯಿಪಲ್ಯಗಳೆಲ್ಲ ಸೇರಿದ ಭಜ್ಜಿ, ಗುರೆಳ್ಳು ಹಿಂಡಿ, ಗಡಿಗೆಯ ಮೊಸರು, ಇವನ್ನೆಲ್ಲ ಬುಟ್ಟಿಯಲ್ಲಿ ತುಂಬಿ, ಮೇಲೆ ಬಿಳಿಯ ಅರಿವೆ ಕಟ್ಟಿ, ಚಕ್ಕಡಿಯಲ್ಲಿಟ್ಟುಕೊಂಡು ಹೊಲಕ್ಕೆ ಹೋಗುವುದು ರೂಢಿ. ಬನ್ನಿಯ ಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು, ಸುಣ್ಣ ಹಚ್ಚಿ, ಪೂಜೆ ಸಲ್ಲಿಸಿ, ಆ ಬಳಿಕ ಹೊಲದ ತುಂಬ ಚರಗ ಚೆಲ್ಲುತ್ತಾರೆ. ಮಾಡಿ ತಂದ ಅಡಿಗೆಯಲ್ಲಿ ಎಲ್ಲದರದೂ ಒಂದಿಷ್ಟು ಮುರಿದು ಕಲಸಿ, ಬೆಳೆಯ ನಡುವೆ ನಡೆಯುತ್ತ ನಾಲ್ಕೂ ದಿಕ್ಕಿಗೆ ಬೀರುವುದೇ ಚರಗ. ಮೊದಲ ತುತ್ತು ಭೂಮಿತಾಯಿಗೆ. ಆಮೇಲೆ ಮನೆಯವರು, ಆಳುಕಾಳು, ನೆಂಟರಿಷ್ಟರು, ಹಾದಿಯಲ್ಲಿ ಹೋಗುವವರು, ಎಲ್ಲರಿಗೂ ಊಟ.

ನಾವು ಓದಿದವರು ಒಂದು ಕಾಲಕ್ಕೆ ಇದನ್ನು ಹಳ್ಳಿಯವರ ಮುಗ್ಧ ನಂಬಿಕೆ ಎಂದು ನಕ್ಕದ್ದುಂಟು. ಆದರೆ ಚೆಲ್ಲಿದ ಚರಗವನ್ನು ಹುಡುಕಿಕೊಂಡು ಗೊರವಂಕ, ಗುಬ್ಬಿಗಳು ಹೊಲಕ್ಕಿಳಿಯುತ್ತವೆ. ಇಳಿದ ಹಕ್ಕಿಗಳಿಗೆ ಅನ್ನದ ಜತೆಗೆ ಕಡಲೆಯ ಕಾಯಿ ಕೊರೆಯುವ ಹುಳುಗಳೂ ಕಣ್ಣಿಗೆ ಬೀಳುತ್ತವೆ. ಇಂದು ಕೃಷಿ ವಿಜ್ಞಾನಿಗಳು ಕೂಡ ಕಾಯಿಕೊರಕದ ಹತೋಟಿಗಾಗಿ ಹೊಲದಲ್ಲಿ ಅಲ್ಲಲ್ಲಿ ಹಕ್ಕಿ ಕೂರುವ ಕೋಲುಗಳನ್ನು ನೆಡಿರಿ, ಚುರುಮುರಿ ಚೆಲ್ಲಿ ಹಕ್ಕಿಗಳನ್ನು ಕರೆಯಿರಿ ಎಂದು ರೈತರಿಗೆ ಹೇಳುತ್ತಾರೆ. ನಮ್ಮ ಹಿರಿಯರು ಅದನ್ನು ವಿಜ್ಞಾನವೆಂದು ಕರೆಯಲಿಲ್ಲ. ಹಂಚಿಕೊಂಡು ಉಣ್ಣುವುದು ಎಂದು ಕರೆದರು.

ನಾನು ಈ ಮನೆಗೆ ಸೊಸೆಯಾಗಿ ಬಂದ ಹೊಸತರಲ್ಲಿ ಕಂಡ ಎಳ್ಳ ಅಮಾವಾಸ್ಯೆಯ ಸಂಜೆಯ ಒಂದು ಸಂಗತಿ ಈಗಲೂ ನೆನಪಿದೆ. ಊಟ ಮುಗಿದು, ಮುತ್ತಲ ಎಲೆಯ ಪತ್ರಾವಳಿಗಳು ದನಗಳ ಮುಂದೆ ಹೋಗಿ, ಬುಟ್ಟಿಗಳು ಖಾಲಿಯಾಗಿ ಚಕ್ಕಡಿ ಏರಿದ ಮೇಲೆ ನಮ್ಮ ಅತ್ತೆಯವರು ಕುಳಿತುಂಡ ಜಾಗವನ್ನೊಮ್ಮೆ ತಿರುಗಿ ನೋಡಿದರು. ಅಲ್ಲಿ ನಲವತ್ತು ಜನ ಉಂಡಿದ್ದರೆಂದು ಹೇಳಲು ಒಂದು ಗುರುತೂ ಇರಲಿಲ್ಲ. ತುಳಿದ ಹುಲ್ಲು ಮಾತ್ರ ಇತ್ತು. ಅತ್ತೆಯವರು ಏನನ್ನೂ ಹೇಳಲಿಲ್ಲ. ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡು ಚಕ್ಕಡಿ ಹತ್ತಿದರು. ಹಬ್ಬ ಸರಿಯಾಗಿ ನಡೆಯಿತೆಂಬುದಕ್ಕೆ ಅವರಿಗೆ ಅಷ್ಟೇ ಸಾಕಾಗಿತ್ತು.

ಆಮೇಲೆ ಕಾಲ ಬದಲಾಯಿತು, ನಾವೂ ಬದಲಾದೆವು. ಮಕ್ಕಳ ಓದಿಗಾಗಿ ನಾವು ಧಾರವಾಡ ಸೇರಿದೆವು. ಹೊಲವನ್ನು ಮೈದುನ ನೋಡಿಕೊಂಡ. ಹಬ್ಬಕ್ಕೆ ಮಾತ್ರ ಊರಿಗೆ ಹೋಗುವುದಾಯಿತು. ಚಕ್ಕಡಿಯ ಬದಲು ಕಾರು, ಬುಟ್ಟಿಯ ಬದಲು ಅಂಗಡಿಯ ಪ್ಲಾಸ್ಟಿಕ್ ಚೀಲ, ಪತ್ರಾವಳಿಯ ಬದಲು ಬಿಳಿಯ ಥರ್ಮೋಕೋಲ್ ತಟ್ಟೆ, ತಂಬಿಗೆಯ ಬದಲು ನೀರಿನ ಬಾಟಲಿಗಳ ಪೆಟ್ಟಿಗೆ. ಯಾರೂ ಕುಳಿತು ಆಲೋಚಿಸಿ ತಂದ ಬದಲಾವಣೆಗಳಲ್ಲ ಇವು. ಪ್ರತಿ ವರ್ಷ ಒಂದೊಂದು ಹೊಸ ಅನುಕೂಲ ಬಂದು ಸೇರಿತು. ಊಟದ ನಂತರ ಎಲ್ಲವನ್ನೂ ಒಂದು ದೊಡ್ಡ ಚೀಲದಲ್ಲಿ ತುರುಕಿ, ಬಾಯಿಗೆ ಗಂಟು ಬಿಗಿದು, ಹೊಲದ ಬದುವಿನಲ್ಲಿಯೋ ಹಳ್ಳದ ದಂಡೆಯಲ್ಲಿಯೋ ಇಟ್ಟು ಬರುತ್ತಿದ್ದೆವು. 'ಗಂಟು ಹಾಕಿಟ್ಟಿದ್ದೇವೆ, ಚೆಲ್ಲಿಲ್ಲವಲ್ಲ' ಎಂಬ ಸಮಾಧಾನ ನಮ್ಮದು.

ಏಳು ವರ್ಷಗಳ ಹಿಂದಿನ ಮಾತು. ಮೈದುನನ ಕೊಟ್ಟಿಗೆಯಲ್ಲಿ ಗೌರಿ ಎಂಬ ಆಕಳು ಇತ್ತು. ನಮ್ಮ ಮೊಮ್ಮಕ್ಕಳು ಊರಿಗೆ ಹೋದರೆ ಮೊದಲು ಓಡುತ್ತಿದ್ದುದು ಅದರ ಬಳಿಗೆ. ಆ ವರ್ಷದ ಬೇಸಿಗೆಯಲ್ಲಿ ಅದು ಮೇವು ಬಿಟ್ಟಿತು. ಮೆಲುಕು ಹಾಕುವುದು ನಿಂತಿತು. ಎಡಗಡೆಯ ಹೊಟ್ಟೆ ಉಬ್ಬಿ ಗಟ್ಟಿಯಾಯಿತು. ಮನೆಮದ್ದುಗಳೆಲ್ಲ ಮುಗಿದ ಮೇಲೆ ಪಶುವೈದ್ಯರನ್ನು ಕರೆಸಿದರು. ಅವರು ಪರೀಕ್ಷಿಸಿ, ಶಸ್ತ್ರಕ್ರಿಯೆ ಮಾಡದೆ ಗತ್ಯಂತರವಿಲ್ಲವೆಂದರು. ಆ ದಿನ ನಾನು ಊರಲ್ಲಿಯೇ ಇದ್ದೆ. ಪಕ್ಕೆಯನ್ನು ಕೊಯ್ದು ಅವರು ಒಳಗಿನಿಂದ ಹಿರಿದು ತೆಗೆದದ್ದನ್ನು ನೋಡುತ್ತ ನಿಂತೆ. ಹೊಸೆದ ಹಗ್ಗದಂತೆ ಒಂದಕ್ಕೊಂದು ಸುತ್ತಿಕೊಂಡ ಚೀಲಗಳು, ಹಾಲಿನ ಪೊಟ್ಟಣಗಳು, ನೈಲಾನ್ ದಾರ. ಒಂದು ಬುಟ್ಟಿ ತುಂಬಿ ಇನ್ನೊಂದು ಬುಟ್ಟಿ ಬೇಕಾಯಿತು. ಅವುಗಳ ನಡುವೆ ಹಳದಿ ಬಣ್ಣದ ಚೀಲವೊಂದಿತ್ತು. ಅದರ ಬಾಯಿಗೆ ಹಾಕಿದ ಗಂಟು ಹಾಗೆಯೇ ಇತ್ತು.

ಹಿಂದಿನ ಎಳ್ಳ ಅಮಾವಾಸ್ಯೆಗೆ ನಾವು ಹೋಳಿಗೆ ಕಟ್ಟಿಕೊಂಡು ಹೋದದ್ದು ಅಂಥದೇ ಹಳದಿ ಚೀಲಗಳಲ್ಲಿ. ಆ ಚೀಲ ನಮ್ಮದೇ ಎಂದು ಹೇಳಲಾರೆ. ನಮ್ಮದಲ್ಲವೆಂದೂ ಹೇಳಲಾರೆ.

ಗೌರಿ ಮೂರನೆಯ ದಿನ ಬೆಳಗಿನ ಜಾವ ತೀರಿಕೊಂಡಿತು. ಅದರ ಕರು ಎರಡು ದಿನ ಕೊಟ್ಟಿಗೆಯಲ್ಲಿ ಕೂಗುತ್ತಿತ್ತು. ನನ್ನ ನೆಗೆಣ್ಣಿ ನನ್ನನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಒಳ್ಳೆಯದಿತ್ತೆಂದು ಎಷ್ಟೋ ಸಲ ಅನಿಸಿದೆ.

ವೈದ್ಯರು ಅಂದು ತಿಳಿಸಿ ಹೇಳಿದ ಸಂಗತಿಯನ್ನು ಪ್ರತಿಯೊಬ್ಬ ಗೃಹಿಣಿಯೂ ಅರಿಯಬೇಕು. ದನದ ಹೊಟ್ಟೆ ನಾಲ್ಕು ಕೋಣೆಗಳದು. ಅದು ನಮ್ಮಂತೆ ಆರಿಸಿ ಅಗಿದು ತಿನ್ನುವ ಪ್ರಾಣಿಯಲ್ಲ. ಸಿಕ್ಕಿದ್ದನ್ನು ಮೊದಲು ನುಂಗಿ, ಮೊದಲನೆಯ ದೊಡ್ಡ ಕೋಣೆಯಲ್ಲಿ ತುಂಬಿಕೊಂಡು, ಆಮೇಲೆ ನಿಧಾನವಾಗಿ ಮೆಲುಕು ಹಾಕುತ್ತದೆ. ಚೀಲದೊಳಗಿನ ಹೋಳಿಗೆಯ, ಅನ್ನದ, ಉಪ್ಪಿನ ವಾಸನೆಗೆ ಬರುತ್ತದೆ. ಗಂಟು ಬಿಚ್ಚಲು ಅದಕ್ಕೆ ಕೈಯಿಲ್ಲ. ಚೀಲ ಸಹಿತ ನುಂಗುತ್ತದೆ. ಆ ಪ್ಲಾಸ್ಟಿಕ್ ಕರಗುವುದಿಲ್ಲ, ಮುಂದಿನ ಕೋಣೆಗೂ ಸಾಗುವುದಿಲ್ಲ. ವರ್ಷಗಟ್ಟಲೆ ಅಲ್ಲಿಯೇ ಸೇರುತ್ತ ಹೋಗಿ, ಮೇವಿಗೆ ಸ್ಥಳವಿಲ್ಲದಂತೆ ಮಾಡುತ್ತದೆ. ಹೊಟ್ಟೆ ತುಂಬಿದ್ದರೂ ದನ ಹಸಿವಿನಿಂದ ಸಾಯುತ್ತದೆ. ಅಂದರೆ ನಾವು ಒಳ್ಳೆಯದೆಂದು ತಿಳಿದು ಹಾಕುವ ಗಂಟೇ ಅದಕ್ಕೆ ಉರುಳು.

ಮೈಸೂರು ಸೀಮೆಯಲ್ಲಿರುವ ನನ್ನ ತಂಗಿಗೆ ಈ ಕಥೆಯನ್ನು ಹೇಳಿದಾಗ ಆಕೆ ತನ್ನ ಓಣಿಯ ಸಂಕ್ರಾಂತಿಯನ್ನು ನೆನೆದಳು. ಅಲ್ಲಿ ಸಂಕ್ರಾಂತಿಯೆಂದರೆ ಹೆಣ್ಣುಮಕ್ಕಳು ಮನೆಮನೆಗೆ ಹೋಗಿ ಎಳ್ಳು ಬೀರುವ ಹಬ್ಬ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ, ಜತೆಗೆ ಸಕ್ಕರೆ ಅಚ್ಚು, ಕಬ್ಬಿನ ತುಂಡು. ಈಗ ಇವೆಲ್ಲ ಸಣ್ಣ ಸಣ್ಣ ಪ್ಲಾಸ್ಟಿಕ್ ಪೊಟ್ಟಣಗಳಲ್ಲಿ ಬರುತ್ತವೆ. ಪೊಟ್ಟಣ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಡಬ್ಬಿ ಮತ್ತೊಂದು ಚೀಲದಲ್ಲಿ. ಹಬ್ಬದ ರಾತ್ರಿ ಆಕೆಯ ಅಡಿಗೆಮನೆಯಲ್ಲಿ ಇಪ್ಪತ್ತೈದು ಮೂವತ್ತು ಡಬ್ಬಿಗಳು ಸೇರಿರುತ್ತವೆಯಂತೆ. ಅದೇ ಸಂಜೆ ಆ ಕಡೆಯ ಊರುಗಳಲ್ಲಿ ದನಗಳ ಮೈ ತೊಳೆದು, ಕೋಡಿಗೆ ಬಣ್ಣ ಹಚ್ಚಿ, ಹೂವು ಮುಡಿಸಿ, ಕಿಚ್ಚು ಹಾಯಿಸುತ್ತಾರೆ. ಮರುದಿನ ಬೆಳಿಗ್ಗೆ ಓಣಿಯ ಮೂಲೆಯ ಕಸದ ರಾಶಿಯಲ್ಲಿ ಎಳ್ಳಿನ ಪೊಟ್ಟಣಗಳನ್ನು ಕೆದಕುತ್ತ ನಿಲ್ಲುವುದೂ ಹಿಂದಿನ ಸಂಜೆ ಆರತಿ ಮಾಡಿಸಿಕೊಂಡ ದನಗಳೇ. "ಅಕ್ಕ, ಪೂಜೆ ಮಾಡಿದ್ದೂ ನಾವೇ, ವಿಷ ಇಕ್ಕಿದ್ದೂ ನಾವೇ" ಎಂದಳು ಆಕೆ.

ಹೊಳೆಗಳ ಪಾಡು ಇದಕ್ಕಿಂತ ಭಿನ್ನವಲ್ಲ. ಉತ್ತರದ ಜಿಲ್ಲೆಗಳಲ್ಲಿ ಸಂಕ್ರಾಂತಿಯಂದು ಎಳ್ಳು ಅರೆದು ಮೈಗೆ ಹಚ್ಚಿಕೊಂಡು ನದಿಯಲ್ಲಿ ಮಿಂದು, ದಂಡೆಯ ಮೇಲೆಯೇ ಬುತ್ತಿ ಉಣ್ಣುವ ವಾಡಿಕೆಯಿದೆ. ಒಣಚಳಿಗೆ ಬಿರಿದ ಚರ್ಮಕ್ಕೆ ಎಳ್ಳಿನ ಎಣ್ಣೆಯ ಅಂಶ ಹಿತವೆಂಬುದನ್ನು ಬಲ್ಲ ಹಿರಿಯರು ಮಾಡಿದ ಏರ್ಪಾಡು ಅದು. ಎಳ್ಳು ನೀರಿಗೆ ಬಿದ್ದರೆ ಮೀನಿಗೆ ಆಹಾರವಾಗುತ್ತಿತ್ತು. ಇಂದು ಎಳ್ಳಿನ ಸ್ಥಾನದಲ್ಲಿ ಶಾಂಪೂ ಚೀಟುಗಳು ಬಂದಿವೆ. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮಕ್ಕೆ ಹೋಗುವವರೆಲ್ಲ ಒಂದು ಸಂಗತಿಯನ್ನು ನೆನಪಿಡಬೇಕು. ನಾರಾಯಣಪುರದ ಬಳಿ ಕಟ್ಟಿದ ಬಸವಸಾಗರದ ಹಿನ್ನೀರು ಐಕ್ಯಮಂಟಪದ ಸುತ್ತಲೂ ನಿಲ್ಲುತ್ತದೆ. ಅದು ಹರಿದುಹೋಗುವ ನೀರಲ್ಲ, ನಿಂತ ನೀರು. ಅಲ್ಲಿ ನಾವು ಬಿಟ್ಟ ಹಳೆಯ ಬಟ್ಟೆ, ಒಗೆದ ತಟ್ಟೆ, ಹರಿದೆಸೆದ ಚೀಟು ಎಲ್ಲಿಗೂ ಹೋಗುವುದಿಲ್ಲ. ಅಣ್ಣ ಬಸವಣ್ಣನವರು ಐಕ್ಯರಾದ ಸ್ಥಳದ ಸುತ್ತಲೇ ತೇಲುತ್ತಿರುತ್ತದೆ.

ಕಾನೂನು ಇಲ್ಲವೆಂದಲ್ಲ. ಕರ್ನಾಟಕ ಸರ್ಕಾರ 2016ರ ಮಾರ್ಚ್ ತಿಂಗಳಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟ, ಚಮಚ ಮೊದಲಾದವುಗಳ ತಯಾರಿಕೆ, ಮಾರಾಟ, ಬಳಕೆಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಇಂಥ ಹಲವು ವಸ್ತುಗಳು ದೇಶದಾದ್ಯಂತ ನಿಷಿದ್ಧವಾದವು. ಆದರೂ ಹಬ್ಬದ ಮುನ್ನಾದಿನ ಸಂತೆಯಲ್ಲಿ ಕೇಳಿದರೆ ಅವು ಸಿಗುತ್ತವೆ. ನಾವು ಕೇಳುತ್ತೇವೆ, ಆದ್ದರಿಂದ ಸಿಗುತ್ತವೆ. 'ಕಾಗದದ ತಟ್ಟೆ ತಂದಿದ್ದೇವೆ, ಪ್ಲಾಸ್ಟಿಕ್ ಅಲ್ಲ' ಎನ್ನುವವರು ಆ ತಟ್ಟೆಯನ್ನು ಒಮ್ಮೆ ನೀರಿನಲ್ಲಿ ನೆನೆಯಿಟ್ಟು ನೋಡಬೇಕು. ಸಾರು ಸೋರದಿರಲೆಂದು ಎಷ್ಟೋ ತಟ್ಟೆಗಳಿಗೆ ಒಳಗೆ ತೆಳುವಾದ ಪ್ಲಾಸ್ಟಿಕ್ ಪದರವನ್ನು ಅಂಟಿಸಿರುತ್ತಾರೆ. ಕಾಗದ ಕೊಳೆತು ಹೋಗುತ್ತದೆ, ಪದರ ಉಳಿಯುತ್ತದೆ.

ಗೌರಿ ಸತ್ತ ವರ್ಷ ಎಳ್ಳ ಅಮಾವಾಸ್ಯೆಯ ಮುನ್ನ ಮನೆಯವರನ್ನೆಲ್ಲ ಕೂಡಿಸಿ ನಾನೊಂದು ತೀರ್ಮಾನ ಹೇಳಿದೆ: ಇನ್ನು ಮೇಲೆ ಹೊಲಕ್ಕೆ ಪ್ಲಾಸ್ಟಿಕ್ ಇಲ್ಲ, ಹಿಂದಿನಂತೆ ಸ್ಟೀಲಿನ ತಾಟು, ತಂಬಿಗೆ. ಎಲ್ಲರೂ ತಲೆಯಾಡಿಸಿದರು. ನನ್ನ ಸೊಸೆ ಮಾತ್ರ ಸುಮ್ಮನೆ ಕುಳಿತಿದ್ದಳು. ರಾತ್ರಿ ಅಡಿಗೆಮನೆಯಲ್ಲಿ ನಾವಿಬ್ಬರೇ ಇದ್ದಾಗ ಹೇಳಿದಳು: "ಅತ್ತಿ, ಸಿಟ್ಟಾಗಬ್ಯಾಡ್ರಿ. ಆ ಬಿಸಾಡೋ ತಾಟು ಬಂದ ಮ್ಯಾಲನ ನಾನು ಹಬ್ಬದ ದಿನ ನಿಮ್ಮೆಲ್ಲರ ಜೋಡಿ ಕುಂತು ಉಂಡೀನಿ. ಅದಕ್ಕೂ ಮೊದಲ ನನಗ ಎಳ್ಳ ಅಮಾಸಿ ಅಂದ್ರ ನಲವತ್ತು ತಾಟು ತಿಕ್ಕೋದು, ಅಷ್ಟ."

ನನಗೆ ಉತ್ತರ ಹೊಳೆಯಲಿಲ್ಲ. ಅತ್ತೆಯವರು ತಿರುಗಿ ನೋಡಿದ ಆ ಸ್ವಚ್ಛವಾದ ಜಾಗವನ್ನು ನಾನು ಅಷ್ಟು ವರ್ಷ ಅಭಿಮಾನದಿಂದ ನೆನೆದಿದ್ದೆ. ಹಾಗೆ ಸ್ವಚ್ಛವಾಗಿಸಿದ ಕೈಗಳು ಯಾರವು ಎಂದು ಕೇಳಿಕೊಂಡಿರಲಿಲ್ಲ. ಹಿಂದೆ ಅವು ನನ್ನವೂ ಆಗಿದ್ದವು, ನೆಗೆಣ್ಣಿಯವೂ ಆಗಿದ್ದವು. ಪತ್ರಾವಳಿಗಳೇನೋ ದನದ ಪಾಲಾಗುತ್ತಿದ್ದವು, ಆದರೆ ಹಂಡೆ, ಬೋಗುಣಿ, ತಂಬಿಗೆ, ಹಿರಿಯರಿಗೆಂದು ಒಯ್ದ ತಾಟುಗಳು ಹೆಂಗಸರ ಪಾಲಾಗುತ್ತಿದ್ದವು. ಗಂಡಸರು ಗಿಡದ ನೆರಳಿನಲ್ಲಿ ಎಲೆ ಅಡಿಕೆ ಹಾಕಿಕೊಂಡು ಮಾತಿಗೆ ಕೂರುತ್ತಿದ್ದರು. ಥರ್ಮೋಕೋಲ್ ತಟ್ಟೆ ನಮ್ಮ ಮನೆಗಳಲ್ಲಿ ಅಷ್ಟು ಸುಲಭವಾಗಿ ಒಳಬಂದದ್ದಕ್ಕೆ ಇದೂ ಒಂದು ಕಾರಣವಲ್ಲವೆ? ದಣಿದ ಹೆಣ್ಣಿಗೆ ಅದೊಂದು ಬಿಡುಗಡೆಯಂತೆ ಕಂಡಿತು. ಪರಿಸರದ ಮಾತನಾಡುವ ನಾವು ಆ ದಣಿವಿನ ಮಾತನ್ನಾಡದೆ ಹೋದರೆ, ಭೂಮಿಯ ಭಾರ ಇಳಿಸುವ ಹೆಸರಿನಲ್ಲಿ ಅದನ್ನು ಸೊಸೆಯ ಬೆನ್ನಿಗೆ ಏರಿಸಿದಂತಾಗುತ್ತದೆ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಸಾರಿದ ಪರಂಪರೆ ನಮ್ಮದು. ತಾಟು ತೊಳೆಯುವ ಕಾಯಕಕ್ಕೆ ಮಾತ್ರ ಹೆಣ್ಣು ಎಂಬ ಕಟ್ಟಳೆಯನ್ನು ಯಾರು ಮಾಡಿದರು?

ಮರುದಿನ ನನ್ನ ತೀರ್ಮಾನವನ್ನು ನಾನೇ ತಿದ್ದಿದೆ. ಅಂದಿನಿಂದ ನಮ್ಮ ಮನೆಯಲ್ಲಿ ನಡೆದು ಬಂದಿರುವ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಇದರಲ್ಲಿ ನಿಮಗೆ ಒಗ್ಗುವುದನ್ನು ತೆಗೆದುಕೊಳ್ಳಿ.

ಮೊದಲನೆಯದು, ಉಂಡವರೇ ತಾಟು ತೊಳೆಯುವುದು. ಹೊಲಕ್ಕೆ ಬರುವ ಪ್ರತಿ ಮನೆಯೂ ತನ್ನ ಜನಕ್ಕೆ ಬೇಕಾಗುವ ತಾಟು, ಲೋಟಗಳನ್ನು ತಾನೇ ತರುತ್ತದೆ. ಊಟವಾದ ಮೇಲೆ ಬಾವಿಯ ಬಳಿ ಒಂದು ಬುಟ್ಟಿ ಬೂದಿ, ತೆಂಗಿನ ನಾರು ಇಟ್ಟಿರುತ್ತೇವೆ. ಹಿರಿಯರು, ಹಸುಗೂಸಿನ ತಾಯಂದಿರನ್ನು ಬಿಟ್ಟು ಎಲ್ಲರೂ ತಮ್ಮ ತಾಟನ್ನು ತಾವೇ ಬೆಳಗಬೇಕು. ಮೊದಲ ವರ್ಷ ನಮ್ಮ ಯಜಮಾನರು ತಮ್ಮ ತಾಟು ಹಿಡಿದು ಎದ್ದಾಗ ಊರ ನಾಲ್ವರು ನಕ್ಕರು. ಎರಡನೆಯ ವರ್ಷ ಮೈದುನನೂ ಎದ್ದ. ಈಗ ನಗುವವರಿಲ್ಲ. ಹಂಡೆ, ಬೋಗುಣಿಗಳನ್ನು ಹುಡುಗರ ತಂಡ ತೊಳೆಯುತ್ತದೆ. ನನ್ನ ಸೊಸೆ ಮೊದಲ ಪಂಕ್ತಿಯಲ್ಲಿ ಕುಳಿತು ಉಣ್ಣುತ್ತಾಳೆ.

ಎರಡನೆಯದು, ಜನ ಹೆಚ್ಚಾದರೆ ಎಲೆ. ಒಣಗಿಸಿದ ಮುತ್ತಲ ಎಲೆಯನ್ನು ಕಡ್ಡಿಯಿಂದ ಹೊಲಿದ ಪತ್ರಾವಳಿ ಇನ್ನೂ ಸಂತೆಗಳಲ್ಲಿ ಸಿಗುತ್ತದೆ. ಮಲೆನಾಡಿನಲ್ಲಿ ಅಡಿಕೆ ಹಾಳೆಯ ತಟ್ಟೆಗಳಿವೆ, ಬಯಲುಸೀಮೆಯಲ್ಲಿ ಬಾಳೆ ಎಲೆಯಿದೆ. ಇವನ್ನು ಕೊಂಡರೆ ಹೊಲಿದ ಹೆಣ್ಣುಮಕ್ಕಳ ಕೈಗೆ ನಾಲ್ಕು ಕಾಸು ಸೇರುತ್ತದೆ. ಉಂಡ ಎಲೆ ತಿಪ್ಪೆ ಸೇರಿ ಮುಂದಿನ ವರ್ಷದ ಗೊಬ್ಬರವಾಗುತ್ತದೆ. ಪತ್ರಾವಳಿಯನ್ನು ದನಕ್ಕೆ ಹಾಕುವುದಾದರೆ ಚುಚ್ಚಿದ ಕಡ್ಡಿಗಳನ್ನು ಮೊದಲು ತೆಗೆಯಿರಿ. ಪ್ಲಾಸ್ಟಿಕ್ ದಾರದಿಂದ ಹೊಲಿದ ಎಲೆಗಳೂ ಈಗ ಬರುತ್ತಿವೆ, ನೋಡಿ ಕೊಳ್ಳಿರಿ.

ಮೂರನೆಯದು, ಬುತ್ತಿ ಕಟ್ಟುವ ಬಗೆ. ರೊಟ್ಟಿ, ಹೋಳಿಗೆಗಳಿಗೆ ಹಳೆಯ ಧೋತರದ ಶುಭ್ರವಾದ ತುಂಡುಗಳೇ ಉತ್ತಮ. ಬೆವರು ಹಿಡಿಯದೆ ರೊಟ್ಟಿ ಮೆತ್ತಗಾಗುವುದಿಲ್ಲ. ಪಲ್ಯ, ಮೊಸರಿಗೆ ಮುಚ್ಚಳದ ಡಬ್ಬಿಗಳು. ಚರಗ ಬಿದಿರಿನ ಬುಟ್ಟಿಯಲ್ಲಿ. ಕುಡಿಯುವ ನೀರಿಗೆ ಒಂದು ಕೊಡ, ಒಂದು ಸೌಟು. ಇವೆಲ್ಲ ಮನೆಯಲ್ಲಿ ಇರುವ ವಸ್ತುಗಳೇ. 'ಹಸಿರು ಹಬ್ಬ'ದ ಹೆಸರಿನಲ್ಲಿ ಅಂಗಡಿಗೆ ಹೋಗಿ ಹೊಸ ಹೊಸ ಸಾಮಾನುಗಳನ್ನು ಕೊಂಡು ತರುವುದೂ ಒಂದು ಬಗೆಯ ಆಡಂಬರವೇ. ಅಟ್ಟದ ಮೇಲಿನ ಬುಟ್ಟಿಯನ್ನು ಕೆಳಗಿಳಿಸಿ ಧೂಳು ಕೊಡವಿದರೆ ಸಾಕು.

ನಾಲ್ಕನೆಯದು, ಎಳ್ಳು ಬೀರುವ ರೀತಿ. ನನ್ನ ತಂಗಿ ಈಗ ದೊಡ್ಡ ಡಬ್ಬಿಯಲ್ಲಿ ಎಳ್ಳುಬೆಲ್ಲ ಒಯ್ದು, ಹೋದ ಮನೆಯವರ ತಟ್ಟೆಗೇ ಹಾಕಿ ಬರುತ್ತಾಳೆ. ಕೊಟ್ಟು ಓಡಿಬರಲು ಆಗುವುದಿಲ್ಲ. ಆ ಮನೆಯಾಕೆ ತಟ್ಟೆ ತರುವತನಕ ಕೂರಬೇಕಾಗುತ್ತದೆ, ಎರಡು ಮಾತು ಆಡಬೇಕಾಗುತ್ತದೆ. 'ಎಳ್ಳುಬೆಲ್ಲ ತಿಂದು ಒಳ್ಳೆಯ ಮಾತನಾಡು' ಎಂಬ ಹಬ್ಬದಲ್ಲಿ ಮಾತನ್ನೇ ಬಿಟ್ಟು ಪೊಟ್ಟಣ ಹಂಚುತ್ತಿದ್ದೆವಲ್ಲ ಎಂದು ಈಗ ಆಕೆ ನಗುತ್ತಾಳೆ. ನಮ್ಮ ಕಡೆಯ ಕುಸುರೆಳ್ಳನ್ನೂ ಕೈಯಿಂದ ಕೈಗೆ ಕೊಡುವುದೇ ಚೆಂದ. ಸಣ್ಣ ಉರಿಯಲ್ಲಿ ಪಾಕವನ್ನು ಹನಿ ಹನಿಯಾಗಿ ಬಿಡುತ್ತ, ಎಳ್ಳಿಗೆ ಮುಳ್ಳು ಮೂಡುವತನಕ ತಾಸುಗಟ್ಟಲೆ ಕೈಯಾಡಿಸಿದವಳ ಶ್ರಮವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಡಬೇಕೆ?

ಐದನೆಯದು, ಹೊಳೆಯ ಮರ್ಯಾದೆ. ಮೈಗೆ ಎಳ್ಳು, ಅರಿಸಿನ, ಕಡಲೆಹಿಟ್ಟು ಸಾಕು. ಸಾಬೂನು, ಶಾಂಪೂಗಳನ್ನು ಮನೆಯ ಬಚ್ಚಲಿಗೇ ಬಿಡಿ. ಉಟ್ಟ ಬಟ್ಟೆಯನ್ನು ನೀರಿಗೆ ಬಿಟ್ಟರೆ ದೋಷ ಕಳೆಯುತ್ತದೆಂಬ ನಂಬಿಕೆಗೆ ನಮ್ಮ ಶರಣಧರ್ಮದಲ್ಲಿ ಆಧಾರವಿಲ್ಲ. ಆ ಬಟ್ಟೆ ಇನ್ನೂ ಗಟ್ಟಿಯಾಗಿದ್ದರೆ ಒಗೆದು ಇಲ್ಲದವರಿಗೆ ಕೊಡಿ. ಹೊರಡುವ ಮುನ್ನ ಕುಳಿತ ಜಾಗವನ್ನೊಮ್ಮೆ ತಿರುಗಿ ನೋಡಿ. ನಾವು ತಂದ ಕಸ ನಮ್ಮ ಜತೆಗೇ ಮನೆಗೆ ಬರಲಿ.

ಮನೆಯ ಹಬ್ಬದ ಮಾತು ಇಷ್ಟಾದರೆ, ಇನ್ನು ಜಾತ್ರೆ. ಸಾವಿರಾರು ಜನ ಸೇರುವಲ್ಲಿ ಒಬ್ಬರ ಎಚ್ಚರದಿಂದ ಏನಾದೀತು ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ನಮ್ಮ ಕಣ್ಣ ಮುಂದೆಯೇ ಇದೆ. ಪುಷ್ಯ ಬಹುಳ ಬಿದಿಗೆಯಂದು ತೇರು ಸಾಗುವ ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಸುತ್ತಲಿನ ಹಳ್ಳಿಗಳ ತಾಯಂದಿರು ತಟ್ಟಿ ಕಳುಹಿಸುವ ಜೋಳದ ರೊಟ್ಟಿಗಳ ಸಂಖ್ಯೆ ಲಕ್ಷಗಳಲ್ಲಿದೆ. ಅದೇ ಗವಿಮಠದ ಪೂಜ್ಯರು 2019ರಲ್ಲಿ ಜನರನ್ನು ಕೂಡಿಸಿಕೊಂಡು, ತುಂಗಭದ್ರೆಯನ್ನು ಸೇರುವ ಹಿರೇಹಳ್ಳದ ಹೂಳು, ಕಸ, ಮುಳ್ಳುಕಂಟಿಗಳನ್ನು ತೆಗೆಸಿದರು. ಜಾತ್ರೆಯಲ್ಲಿ ಕೂಡುವ ಜನಶಕ್ತಿ ತೇರನ್ನು ಎಳೆಯಬಲ್ಲುದಾದರೆ ಹಳ್ಳವನ್ನೂ ಶುದ್ಧಗೊಳಿಸಬಲ್ಲುದು. ನಮ್ಮ ನಮ್ಮ ಊರ ಜಾತ್ರಾ ಸಮಿತಿಗಳು ದಾಸೋಹದಲ್ಲಿ ಎಲೆಯನ್ನೋ ತೊಳೆದು ಬಳಸುವ ತಾಟುಗಳನ್ನೋ ಬಳಸುವುದಾಗಿ ನಿರ್ಧರಿಸಲು ಯಾವ ಹೊಸ ಧನಸಹಾಯವೂ ಬೇಕಾಗಿಲ್ಲ. ಕೇಳುವ ನಾಲ್ವರು ತಾಯಂದಿರು ಬೇಕು.

ಸಂಕ್ರಾಂತಿಯ ಹೊತ್ತಿಗೇ ಸೊಲ್ಲಾಪುರದಲ್ಲಿ ಶಿವಯೋಗಿ ಸಿದ್ಧರಾಮೇಶ್ವರರ ಜಾತ್ರೆ ನಡೆಯುತ್ತದೆ. ನಮ್ಮ ನಾಡಿನಲ್ಲಿ ಜನವರಿ 14ರಂದು ಅವರ ಜಯಂತಿಯನ್ನು ಆಚರಿಸುತ್ತೇವೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಜನರನ್ನು ಕೂಡಿಸಿಕೊಂಡು ಕೆರೆ ಕಟ್ಟಿಸಿದ ಮಹಾನುಭಾವರು ಅವರು. ಎಂಟು ನೂರು ವರ್ಷಗಳ ಮೇಲೂ ಅವರ ಗುಡಿಯ ಸುತ್ತ ನೀರು ನಿಂತಿದೆ. ನೀರಿಗಾಗಿ ಮೈಮುರಿದು ದುಡಿದವರ ಜಯಂತಿಯ ದಿನ ನೀರಿಗೆ ಕಸ ಎಸೆದರೆ, ಹಣೆಯ ವಿಭೂತಿಗೆ ಯಾವ ಬೆಲೆ ಬಂತು? ಪ್ರಸಾದವೆಂದರೆ ಒಂದು ಅಗುಳನ್ನೂ ಚೆಲ್ಲದೆ, ತಾಟು ತೊಳೆದ ನೀರನ್ನೂ ಕುಡಿಯುತ್ತಿದ್ದ ಹಿರಿಯರನ್ನು ನಮ್ಮಲ್ಲಿ ಅನೇಕರು ಕಂಡಿದ್ದೇವೆ. ಅವರು ಪರಿಸರ ಎಂಬ ಶಬ್ದವನ್ನು ಬಳಸಿದವರಲ್ಲ. ಆದರೂ ಅವರು ಎದ್ದು ಹೋದ ಜಾಗದಲ್ಲಿ ಗುಡಿಸುವಂಥದು ಏನೂ ಇರುತ್ತಿರಲಿಲ್ಲ.

ಗೌರಿಯ ಕರು ಈಗ ದೊಡ್ಡ ಆಕಳಾಗಿದೆ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಬಂದು ಬನ್ನಿಯ ಗಿಡದ ಆಚೆ ಮೇಯುತ್ತಿರುತ್ತದೆ. ಕಳೆದ ವರ್ಷ ಊಟವೆಲ್ಲ ಮುಗಿದು ಹೊರಟಾಗ, ನನ್ನ ಮೊಮ್ಮಗಳು ಯಾರೂ ಹೇಳದೆ ಹಿಂದಕ್ಕೆ ಓಡಿ ಹೋಗಿ ಬದುವಿನ ಮೇಲಿನಿಂದ ಏನನ್ನೋ ಎತ್ತಿಕೊಂಡು ಬಂದಳು. ಯಾರೋ ಮಕ್ಕಳು ತಿಂದು ಎಸೆದಿದ್ದ ಮಿಠಾಯಿಯ ಚೀಟು. ಅದನ್ನು ಮಡಿಚಿ ತನ್ನ ಲಂಗದ ಕಿಸೆಯಲ್ಲಿಟ್ಟುಕೊಂಡು, "ಆಕಳು ತಿಂತದಲ್ಲ ಅಮ್ಮಾ" ಎಂದಳು. ನಾನು ನಮ್ಮ ಅತ್ತೆಯವರಂತೆಯೇ ಒಮ್ಮೆ ತಿರುಗಿ ನೋಡಿದೆ. ತುಳಿದ ಹುಲ್ಲು ಮಾತ್ರ ಇತ್ತು.

ಈ ಸಲದ ಹಬ್ಬಕ್ಕೆ ನೀವೂ ಬುತ್ತಿ ಕಟ್ಟುವ ಮುನ್ನ ಒಂದು ಕ್ಷಣ ಕೇಳಿಕೊಳ್ಳಿ: ಇದನ್ನು ಬಿಚ್ಚಿ ಉಂಡ ಮೇಲೆ ನೆಲಕ್ಕೆ ಉಳಿಯುವುದೇನು? ಉತ್ತರ ನಿಮ್ಮ ಕೈಯಲ್ಲಿಯೇ ಇರುತ್ತದೆ. ನಿಮ್ಮ ಮನೆಯಲ್ಲಿ ಇಂಥ ಕ್ರಮಗಳೇನಾದರೂ ನಡೆದು ಬಂದಿದ್ದರೆ ಪತ್ರ ಬರೆದು ತಿಳಿಸಿ. ಮುಂದೊಂದು ಸಂಚಿಕೆಯಲ್ಲಿ ಎಲ್ಲರೊಡನೆ ಹಂಚಿಕೊಳ್ಳೋಣ.

ಎಲ್ಲರಿಗೂ ಎಳ್ಳ ಅಮಾವಾಸ್ಯೆಯ, ಸಂಕ್ರಾಂತಿಯ ಶುಭಾಶಯಗಳು. ಶರಣು ಶರಣಾರ್ಥಿ.